ಅಡಿಟಿಪ್ಪಣಿ ಭಾವ

ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ನಡುರಸ್ತೆಯಲ್ಲಿ ಇದ್ದಕ್ಕಿದ್ದಂತೆ ನಿಂತುಬಿಟ್ಟರೆ ಎದೆನೋವೇನಾದರೂ ಬಂತೇ ಎಂದು ಯಾರೂ ಗಾಬರಿಯಾಗಬೇಕಿಲ್ಲ. ಬೆಳಿಗ್ಗೆ ಓದಿದ ಯಾವುದೋ ವಾಕ್ಯದ ಕರ್ತೃಪದ ಯಾವುದೆಂಬ ಅನುಮಾನ ಅವರಿಗೆ ಆಗಷ್ಟೇ ಹುಟ್ಟಿದೆ, ಅಷ್ಟೆ. ಹಿಂದಿನಿಂದ ಬರುವ ಸೈಕಲ್ಲಿನವರು ಬೈಯುತ್ತಾರೆ, ಲಾರಿಯವರು ಹಾರ್ನ್ ಒತ್ತುತ್ತಾರೆ, ಜೊತೆಗಿರುವ ನಾನು ತೋಳು ಹಿಡಿದು ಎಳೆಯುತ್ತೇನೆ. ಅವರು ಮಾತ್ರ ತೋರುಬೆರಳನ್ನು ಗಾಳಿಯಲ್ಲಿ ಎತ್ತಿ, ಅದೃಶ್ಯವಾದ ಅಲ್ಪವಿರಾಮವೊಂದನ್ನು ಅಲ್ಲಿ ಇಟ್ಟು, ತೆಗೆದು, ಮತ್ತೆ ಇಟ್ಟು, "ಹಾಗಲ್ಲ, ಹಾಗಲ್ಲ" ಎಂದು ತಲೆಯಾಡಿಸಿ, ಏನೂ ಆಗದವರಂತೆ ಮುಂದೆ ಹೆಜ್ಜೆಯಿಡುತ್ತಾರೆ. ನಾನು ತಾಳ್ಮೆಯ ಮನುಷ್ಯನೆಂದು ನನ್ನ ಹೆಂಡತಿಯೇ ಒಪ್ಪುತ್ತಾಳೆ. ಆ ತಾಳ್ಮೆಯ ಬಹುಪಾಲು ವ್ಯಯವಾದದ್ದು ಈ ಒಬ್ಬ ಮನುಷ್ಯನ ಮೇಲೆ.

ಅವರದು ಲಾಂಡ್ರಿ. ತಂದೆಯಿಂದ ಬಂದದ್ದು. ಮುಂದಿನ ಕೋಣೆಯಲ್ಲಿ ಹೋಟೆಲುಗಳ, ಆಸ್ಪತ್ರೆಗಳ ಗಂಟು ಬಿಚ್ಚಿ ಗುರುತು ಹಾಕುತ್ತಾರೆ. ನಡುಮನೆಯಂಥ ಹಜಾರದಲ್ಲಿ ಒಗೆಯುವ ಯಂತ್ರಗಳು ಹೊಟ್ಟೆ ತೊಳಸಿದವರಂತೆ ಗುಡುಗುಡು ಎನ್ನುತ್ತಿರುತ್ತವೆ. ಹಿಂದಿನ ಕೋಣೆಯಲ್ಲಿ ಇಸ್ತ್ರಿ. ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದೂ ತುಕ್ಕು ಹಿಡಿದು ಅರ್ಧ ತೆರೆದಲ್ಲೇ ಸಿಕ್ಕಿಕೊಂಡದ್ದು. ಒಳಗೆ ಕಾಲಿಟ್ಟರೆ ಹಬೆ ಒದ್ದೆ ಕಂಬಳಿಯ ಹಾಗೆ ಮುಖದ ಮೇಲೆ ಬೀಳುತ್ತಿತ್ತು. ಭಾವ ಕೂರುತ್ತಿದ್ದದ್ದು ಮುಂದಿನ ಕೋಣೆಯ ಮೂಲೆಯ ಮೇಜಿನ ಹಿಂದೆ, ಕಂದು ಬಣ್ಣದ ಹಳೆಯ ಕೋಟು ತೊಟ್ಟು. ಒಂದು ಜೇಬಿನಲ್ಲಿ ನಿಘಂಟು, ಇನ್ನೊಂದರಲ್ಲಿ ಸೀಸದ ಕಡ್ಡಿಗಳು; ಆ ಭಾರಕ್ಕೆ ಜೇಬುಗಳು ಹಸುವಿನ ಕೆಚ್ಚಲಿನಂತೆ ಜೋತುಬಿದ್ದಿದ್ದವು. ಊರಿನವರ ಬಟ್ಟೆಯನ್ನೆಲ್ಲ ಒಗೆಸುವವರ ಆ ಕೋಟು ಮಾತ್ರ ನೀರು ಕಂಡದ್ದನ್ನು ನಾನು ನೋಡಿಲ್ಲ.

ಮೇಜಿನ ಮೇಲೆ ಯಾವಾಗಲೂ ಒಂದು ಗ್ರಂಥ. ಸಂಪತ್ತು ಎಲ್ಲಿಂದ ಹುಟ್ಟುತ್ತದೆ, ಯಾರ ಬೆವರು ಯಾರ ತಿಜೋರಿಗೆ ಹೇಗೆ ಹರಿಯುತ್ತದೆ ಎಂದು ಶೋಧಿಸುವ, ಬಂಡವಾಳದ ವ್ಯವಸ್ಥೆಯನ್ನು ಬಿಚ್ಚಿ ಬಯಲಿಗಿಡುವ, ಇಟ್ಟಿಗೆಯಷ್ಟು ದಪ್ಪದ ಹಳೆಯ ಗ್ರಂಥ. ಅದನ್ನು ಓದಬೇಕೆಂಬ ಆಸೆ ಅನೇಕರಿಗೆ ಬರುತ್ತದೆ, ಮೊದಲ ಅಧ್ಯಾಯದಲ್ಲೇ ಜ್ವರ ಇಳಿದಂತೆ ಇಳಿದೂ ಹೋಗುತ್ತದೆ. ಭಾವನದು ಇಳಿಯುವ ಜ್ವರವಲ್ಲ. ಅರ್ಥವಾಗದೆ ಪುಟ ತಿರುವಬಾರದು ಎಂಬುದು ಅವರ ವ್ರತ. ಅಡಿಟಿಪ್ಪಣಿಯನ್ನು ಬಿಟ್ಟು ಓದುವುದು ಅವರ ಪ್ರಕಾರ ಊಟಕ್ಕೆ ಕೂತು ಎಲೆಯಿಂದ ಎದ್ದು ಹೋದಷ್ಟೇ ಅವಮರ್ಯಾದೆ. ಟಿಪ್ಪಣಿಯಲ್ಲಿ ಇನ್ನೊಂದು ಗ್ರಂಥದ ಉಲ್ಲೇಖವಿದ್ದರೆ ಅದನ್ನು ತರಿಸಿ ಓದಿದ ಮೇಲೆಯೇ ಇದಕ್ಕೆ ವಾಪಸು. ಹೀಗಾಗಿ ಮನೆಮಂದಿಯ ಬಾಯಲ್ಲಿ ಅವರು ಅಡಿಟಿಪ್ಪಣಿ ಭಾವ.

ಭಾನುವಾರದ ಮಧ್ಯಾಹ್ನಗಳಲ್ಲಿ ಅವರ ಮನೆಯಲ್ಲಿ ವಾಚನ. ಕೇಳುಗರು ಒಬ್ಬೊಬ್ಬರಾಗಿ ಜಾರಿಕೊಂಡ ಮೇಲೆ ಉಳಿದವರು ನಾನು ಮತ್ತು ಪಕ್ಕದ ಬೀದಿಯ ಹಲ್ಲಿನ ಡಾಕ್ಟರು. ಉಪಯೋಗದ ಮೌಲ್ಯ ಬೇರೆ, ವಿನಿಮಯದ ಮೌಲ್ಯ ಬೇರೆ ಎಂಬ ಒಂದು ಭೇದದ ಮೇಲೆ ಭಾವ ಒಂದಿಡೀ ಮಳೆಗಾಲ ಕಳೆದಾಗ ಡಾಕ್ಟರು ಎದ್ದುನಿಂತು, "ನಾವು ಹಲ್ಲು ಕೀಳೋವಾಗ ಅರಿವಳಿಕೆ ಕೊಡ್ತೀವಿ ಸ್ವಾಮಿ, ನೀವು ಹಾಗೇ ಕೀಳ್ತೀರಿ" ಎಂದು ಕೈಮುಗಿದು ಹೋದವರು ಮತ್ತೆ ಬರಲಿಲ್ಲ. ನಾನು ಹೋಗುವಂತಿರಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತಿರುತ್ತಿದ್ದಳು. "ನೀನೂ ಹೋದ್ರೆ ನನ್ನ ಕೂರಿಸ್ಕೋತಾರೆ ಕಣೋ" ಎನ್ನುತ್ತಿದ್ದಳು.

ಮುಂದಿನ ಬೇಸಿಗೆಯಲ್ಲಿ ಇಸ್ತ್ರಿಯ ಕೋಣೆಯ ಹಿರಿಯ ಹೆಂಗಸು, ಎಲ್ಲರೂ ದೊಡ್ಡಕ್ಕ ಎಂದು ಕರೆಯುವಾಕೆ, ಹೊದಿಕೆ ಮಡಿಸುತ್ತಿದ್ದಂತೆಯೇ ಪ್ರಜ್ಞೆ ತಪ್ಪಿ ಬಿದ್ದಳು. ಬೀಳುವಾಗ ಮುಂಗೈ ಇಸ್ತ್ರಿಯ ಯಂತ್ರದ ಕಾದ ಹಲಗೆಗೆ ತಗುಲಿ ಬೊಬ್ಬೆಯೆದ್ದಿತು. ಚೇತರಿಸಿಕೊಂಡ ಮೇಲೆ ಗಾಯಕ್ಕೆ ಬಟ್ಟೆ ಸುತ್ತಿಕೊಂಡು ನಾಲ್ಕೈದು ಜನರ ಜೊತೆ ಮೇಜಿನ ಮುಂದೆ ಬಂದು ನಿಂತಳು. ನಾನೂ ಅಲ್ಲೇ ಇದ್ದೆ.

"ಯಜಮಾನ್ರೇ, ಹಿಂದೆ ಉಸಿರಾಡಕ್ಕಾಗ್ತಿಲ್ಲ. ಕಿಟಕಿ ದೊಡ್ಡದು ಮಾಡ್ಸಿ. ಕತ್ತಲಾಗೋವರೆಗೂ ನಮ್ಮನ್ನ ದುಡಿಸ್ಬೇಡಿ."

"ಯಜಮಾನ ಅನ್ಬೇಡಮ್ಮ. ನಾನು ವ್ಯಕ್ತಿಯಲ್ಲ, ಬಂಡವಾಳದ ಪ್ರತಿನಿಧಿ ಅಷ್ಟೇ."

"ಯಾರಾದ್ರೂ ಆಗಿರಿ, ಕಿಟಕಿ ಮಾಡ್ಸಿ."

ಭಾವನ ಮುಖದಲ್ಲಿ ಕಪಟವಿರಲಿಲ್ಲ, ಇದ್ದಿದ್ದರೆ ಜಗಳವಾಡಬಹುದಿತ್ತು. ಅವರು ನಿಜವಾದ ಕಳಕಳಿಯಿಂದಲೇ ಹೇಳಿದರು: "ಕೆಲಸದ ಹೊತ್ತಿನ ಪ್ರಶ್ನೆ ಬಹಳ ದೊಡ್ಡದಮ್ಮ. ಅದಕ್ಕೇ ಅಂತ ಒಂದು ಅಧ್ಯಾಯ ಇದೆ. ಅಲ್ಲಿಗೆ ನಾನಿನ್ನೂ ಬಂದಿಲ್ಲ."

ನನಗೆ ಮೈಯೆಲ್ಲ ಉರಿಯಿತು. "ಭಾವ, ಪುಟ ತಿರುವಿ ಮುಂದಕ್ಕೆ ಹೋಗಿ!" ಎಂದೆ.

"ಅಡಿಪಾಯ ಇಲ್ಲದೆ ಛಾವಣಿ ನಿಲ್ಲತ್ತೇನಪ್ಪ?"

"ಒಳಗಿರೋರು ಬೇಯ್ತಾ ಇದಾರೆ!"

ಅವರು ಬೆರಳೆತ್ತಿದರು. ಏನೋ ಹೊಳೆಯಿತು ಅಂದುಕೊಂಡೆ. "ಬೇಯ್ತಾ ಇರೋದು ಮೂರ್ತವಾದ ಶ್ರಮ, ಅಮೂರ್ತವಾದದ್ದು..." ಎಂದು ಶುರುಮಾಡಿದರು. ನಾನು ಹೊರಗೆ ಬಂದುಬಿಟ್ಟೆ.

ಮಾರನೆಯ ಬೆಳಿಗ್ಗೆ ಎಲ್ಲರೂ ಕೆಲಸ ನಿಲ್ಲಿಸಿ ಲಾಂಡ್ರಿಯ ಮೆಟ್ಟಿಲ ಮೇಲೆ ಕೂತರು. ಹೋಟೆಲುಗಳ ಗಂಟುಗಳು ಒಳಗೆ ಬಿಚ್ಚದೆ ಬಿದ್ದಿದ್ದವು, ಆಸ್ಪತ್ರೆಯವರು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಭಾವ ಎಲ್ಲಿ ಎಂದು ಹುಡುಕಿಕೊಂಡು ಹೋದರೆ ಅವರೂ ಮೆಟ್ಟಿಲ ಮೇಲೆಯೇ ಕೂತಿದ್ದಾರೆ, ಮಡಿಲಲ್ಲಿ ಗ್ರಂಥ, ಮುಖದ ತುಂಬ ಮದುವೆಮನೆಯ ಸಂಭ್ರಮ! ಪಕ್ಕದಲ್ಲಿದ್ದವರು ತಾವು ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಮುಜುಗರದಿಂದ ಸರಿದು ಜಾಗ ಕೊಟ್ಟಿದ್ದರು. ಅಷ್ಟರಲ್ಲಿ ಅಕ್ಕ ಬಂದಳು.

"ನೀವು ಯಾರ ವಿರುದ್ಧ ಕೂತಿದೀರಿ?"

"ವ್ಯಕ್ತಿಗಳ ವಿರುದ್ಧ ಅಲ್ಲ. ಒಂದು ಸಂಬಂಧದ ವಿರುದ್ಧ."

"ಸಂಬಂಧ ನೋಡಿದ್ದು ನಮ್ಮಪ್ಪ. ಅದರ ವಿರುದ್ಧ ಕೂರೋದಾದ್ರೆ ನಾನು ಯಾವತ್ತೋ ಕೂರಬೇಕಾಗಿತ್ತು. ಏಳಿ, ದಾರಿ ಬಿಡಿ."

ಮೆಟ್ಟಿಲೇ ನಕ್ಕಂತಾಯಿತು. ಅಕ್ಕ ದೊಡ್ಡಕ್ಕನನ್ನು ಕರೆದುಕೊಂಡು ನೇರ ಹಿಂದಿನ ಕೋಣೆಗೆ ಹೋದಳು. ಬಾಗಿಲು ಮುಚ್ಚಿಸಿ, ಇಸ್ತ್ರಿಯ ಯಂತ್ರ ಚಾಲೂ ಮಾಡಿಸಿ, ಸ್ವಲ್ಪ ಹೊತ್ತು ತಾನೇ ಇಸ್ತ್ರಿ ಹಿಡಿದು ನಿಂತಳಂತೆ. ಹೊರಗೆ ಬಂದಾಗ ಅವಳ ಕೂದಲು ಹಣೆಗೆ ಅಂಟಿಕೊಂಡಿತ್ತು, ಮಾತು ಮಾತ್ರ ತಣ್ಣಗಿತ್ತು. ಸಂಜೆಯೊಳಗೆ ಗೌಂಡಿ ಗೋಡೆ ಒಡೆಯುತ್ತಿದ್ದ. ಆ ವಾರವೇ ದೊಡ್ಡ ಫ್ಯಾನು ಬಂತು, ಇಸ್ತ್ರಿಯವರಿಗೆ ಸರದಿಯ ವಿಶ್ರಾಂತಿ ಬಂತು, ದೀಪ ಹೊತ್ತುವ ಮೊದಲು ಲಾಂಡ್ರಿಯ ಬಾಗಿಲು ಹಾಕುವ ಕಟ್ಟಳೆಯೂ ಬಂತು. ಭಾವ ಎಲ್ಲವನ್ನೂ ಕೇಳಿ, "ತೀರ್ಮಾನ ಸರಿಯಾಗಿದೆ, ಆದರೆ ವಾದಸರಣಿ ದುರ್ಬಲ" ಎಂದರು. ಅಕ್ಕ ಎಸೆದ ಸೌಟು ಅವರಿಗೆ ತಗುಲಲಿಲ್ಲ.

ಅದೆಷ್ಟೋ ಕಾಲದ ಮೇಲೆ ಒಂದು ಬೆಳಿಗ್ಗೆ ಭಾವ ನನ್ನ ಮನೆಗೆ ಬಂದರು. ಕೋಟಿನ ಗುಂಡಿಗಳು ಮೇಲೆ ಕೆಳಗಾಗಿದ್ದವು. ಕೊನೆಗೂ ಕೆಲಸದ ಹೊತ್ತಿನ ಆ ಅಧ್ಯಾಯಕ್ಕೆ ಬಂದಿದ್ದರು. ಎಂದೋ, ಎಲ್ಲೋ, ಗಾಳಿಯಿಲ್ಲದ ಕೋಣೆಗಳಲ್ಲಿ ದುಡಿದು ದುಡಿದು ಕುಸಿದವರ ವರದಿಗಳನ್ನು ನಿಂತಲ್ಲೇ ಓದತೊಡಗಿ, ಅರ್ಧಕ್ಕೆ ಪುಸ್ತಕ ಮುಚ್ಚಿದರು.

"ನಮ್ಮ ಹಿಂದಿನ ಕೋಣೆನೇ ಇದೆಯಲ್ಲೋ ಇದರಲ್ಲಿ. ಮೊದಲೇ ಓದಿದ್ದಿದ್ರೆ..."

"ಓದೋದೇ ಬೇಕಾಗಿರ್ಲಿಲ್ಲ ಭಾವ. ಎದ್ದು ಹಿಂದಕ್ಕೆ ಹೋಗಿದ್ರೆ ಸಾಕಿತ್ತು."

ಅವರು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು. ಅವರು ವಾದಿಸದೆ ಇದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನಗೇ ನನ್ನ ಮಾತು ಒರಟಾಯಿತೆನಿಸಿತು, ಆದರೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಭಾವ ಅಲ್ಲಿಂದ ನೇರ ಲಾಂಡ್ರಿಗೆ ಹೋಗಿ ದೊಡ್ಡಕ್ಕನ ಮುಂದೆ ನಿಂತು ಕಣ್ಣೊರೆಸಿಕೊಂಡರಂತೆ. "ಈಗ ಯಾಕೆ ಅಳ್ತೀರಿ ಯಜಮಾನ್ರೇ, ಫ್ಯಾನು ಓಡ್ತಾ ಇದೆಯಲ್ಲ" ಎಂದಳಂತೆ ಆಕೆ. ಪ್ರಾಯಶ್ಚಿತ್ತವೆಂದು ಇಸ್ತ್ರಿ ಹಿಡಿದು ಹೋಟೆಲೊಂದರ ಮೇಜುಬಟ್ಟೆ ಸುಟ್ಟಾಗ, "ನೀವು ಹೋಗಿ ಓದ್ಕೊಳ್ಳಿ, ಅದೇ ನಮಗೆ ಕ್ಷೇಮ" ಎಂದು ಕಳಿಸಿದಳು. ಆದರೂ ದಿನಕ್ಕೊಮ್ಮೆ ಅವರು ಆ ಕೋಣೆಗೆ ಹೋಗಿ, ದೊಡ್ಡ ಹೊದಿಕೆಗಳನ್ನು ಮಡಿಸುವಾಗ ಒಂದು ತುದಿ ಹಿಡಿದು ನಿಲ್ಲುವುದುಂಟು.

ಇಂಥವರು ಎಲ್ಲ ಕಾಲದಲ್ಲೂ ಇರುತ್ತಾರೆ. ಕಣ್ಣೆದುರಿನ ಸಂಕಟ ಅಕ್ಷರದ ಅಂಗಿ ತೊಟ್ಟು ಬರುವವರೆಗೆ ಅವರಿಗೆ ಅದರ ಗುರುತು ಹತ್ತುವುದಿಲ್ಲ. ಹತ್ತಿದ ಮೇಲೆ ಮಾತ್ರ, ನಮ್ಮ ನಿಮ್ಮ ಹಾಗೆ ಮರುಗಿದಷ್ಟೇ ಬೇಗ ಮರೆತುಬಿಡುವ ಕಲೆ ಅವರಿಗೆ ಬಾರದು. ಅವರು ಕೆಟ್ಟವರಲ್ಲ ಎಂಬುದೇ ಅವರೊಡನೆ ಬಾಳುವವರ ಕಷ್ಟ. ಲೋಕಕ್ಕೆ ಅವರ ಅಗತ್ಯವೂ ಇದ್ದೀತು, ಅಲ್ಲವೆನ್ನಲಾರೆ. ಆದರೆ ಅವರಿಗೆ ಅರ್ಥವಾಗಲಿ ಎಂದು ಯಾರೂ ಉಸಿರು ಬಿಗಿಹಿಡಿದು ಕಾಯಬಾರದು. ಗೋಡೆಯನ್ನು ಮೊದಲು ಒಡೆಸಿಬಿಡಬೇಕು. ಕಾರಣವನ್ನು ಅವರು ಆಮೇಲೆ, ನಿಧಾನವಾಗಿ, ನಮಗಿಂತ ಚೆನ್ನಾಗಿ ಹೇಳುತ್ತಾರೆ.