ಬೇಸ್ಮೆಂಟಿನ ಪಾತ್ರೆಗಳು

ಪದ್ಮಜಾಗೆ ಹೊಗಳಿಕೆ ಹೊಸದೇನಲ್ಲ. ಅಮೆರಿಕದ ನೋವೈ ಊರಿನ ಕನ್ನಡದವರ ನಡುವೆ ಅವಳ ಬಿಸಿಬೇಳೆಬಾತಿಗೆ, ಗೌರಿಹಬ್ಬದ ಅಲಂಕಾರಕ್ಕೆ ಒಳ್ಳೆಯ ಹೆಸರೇ ಇತ್ತು. ಆದರೆ ಮಾಡದ ಉಪಕಾರಕ್ಕೆ ಒಬ್ಬ ಹೆಂಗಸು ಕೈ ಹಿಡಿದುಕೊಂಡು ಕಣ್ಣೀರು ಹಾಕಿದ್ದು ಅದೇ ಮೊದಲು. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಆದದ್ದು ಇಷ್ಟು. ಪದ್ಮಜಾ ಫಿಸಿಯೋಥೆರಪಿಸ್ಟ್ ಆಗಿದ್ದ ಕ್ಲಿನಿಕ್ಕಿನಲ್ಲಿ ರೋಡಾ ಎಂಬ ಯಹೂದಿ ನರ್ಸ್, ಹನಾನ್ ಎಂಬ ಅರಬ್ ಫಾರ್ಮಸಿಸ್ಟ್ ಇದ್ದರು. ಇಬ್ಬರೂ ಸೇರಿ ತಮ್ಮ ತಮ್ಮ ಕಡೆಯ ಹೆಂಗಸರ ಒಂದು ಗುಂಪು ಕಟ್ಟಿದ್ದರು. ತಿಂಗಳಿಗೊಮ್ಮೆ ಒಟ್ಟಿಗೆ ಕೂತು ಊಟ, ಮಾತು, ಜಗಳ, ಮತ್ತೆ ಮಾತು. ಗಾಜಾದ ಯುದ್ಧ ಶುರುವಾದ ಮೇಲೆ ಅದು ನಿಂತೇಹೋಯಿತು. ಅಲ್ಲಿನ ಗಡಿಯ ಆಚೆ ಈಚೆ ಇಬ್ಬರ ಬಂಧುಬಳಗವೂ ಇತ್ತು, ಇಬ್ಬರ ಕಡೆಯೂ ಸಾವಾಗಿತ್ತು. ಒಬ್ಬರ ಮನೆಗೆ ಇನ್ನೊಬ್ಬರು ಕಾಲಿಟ್ಟರೆ ಸ್ವಂತ ನೆಂಟರೇ ಮುಖ ತಿರುಗಿಸುವಂತಾಗಿತ್ತು. ಬ್ರೇಕ್ ರೂಮಿನಲ್ಲಿ ಆಚೆಗೊಬ್ಬರು ಈಚೆಗೊಬ್ಬರು ಕೂತು ತಣ್ಣಗಾದ ಕಾಫಿ ಕುಡಿಯುವುದನ್ನು ನೋಡಲಾರದೆ ಪದ್ಮಜಾ ಒಂದು ದಿನ, "ನಮ್ಮನೆಗೆ ಬನ್ನಿ. ಬೇಸ್ಮೆಂಟ್ ಖಾಲಿ ಇದೆ. ನಾವು ಸಸ್ಯಾಹಾರಿಗಳು, ಊಟಕ್ಕೂ ಯಾರಿಗೂ ತೊಂದರೆ ಇಲ್ಲ" ಅಂದಳು. ಅದು ಮನಸ್ಸಿನಿಂದಲೇ ಬಂದ ಮಾತು. ಅವಳ ಪರವಾಗಿ ಹೇಳಬಹುದಾದದ್ದು ಅದೊಂದೇ, ಹೇಳಿದ್ದಾಯಿತು.

ಕರೆದು ಬಂದ ಮೇಲೆ ಅಡುಗೆಮನೆಯಲ್ಲಿ ನಿಂತವಳಿಗೆ ಅಳುಕು ಶುರುವಾಯಿತು. ದೇವರ ನೈವೇದ್ಯಕ್ಕೆ ಪಾಯಸ ಮಾಡುವ ಪಾತ್ರೆ, ತವರಿನಿಂದ ಬಂದ ತಟ್ಟೆ, ಇದರಲ್ಲೆಲ್ಲ ಅವರು ಉಣ್ಣುವುದೇ? ಏನೇನೋ ತಿನ್ನುವ ಜನ! ಮಾರನೆಯ ದಿನವೇ ಇಂಡಿಯನ್ ಸ್ಟೋರಿಗೆ ಹೋಗಿ ಹೊಸ ಪಾತ್ರೆ, ಸೌಟು, ಪೇಪರ್ ತಟ್ಟೆ, ಲೋಟ ಎಲ್ಲ ತಂದು ಬೇಸ್ಮೆಂಟಿನಲ್ಲಿ ಜೋಡಿಸಿದಳು. ಊರಿನಲ್ಲಿ ಹಿಂದೆ ಹೊರಗಿನವರಿಗೆಂದು ಹಿತ್ತಲಲ್ಲಿ ಬೇರೆ ಲೋಟ ಇಡುತ್ತಿದ್ದರಲ್ಲ, ಅದೇ ಲೋಟ. ಅಮೆರಿಕದಲ್ಲಿ ಅದಕ್ಕೊಂದು ಕಾರ್ಪೆಟ್ ಹಾಸಿದ ಕೋಣೆ ಸಿಕ್ಕಿತು, ಅಷ್ಟೇ ವ್ಯತ್ಯಾಸ. ಅತ್ತೆಯ ಮೇಲೆ ಹಾಕಿ ಕೈತೊಳೆದುಕೊಳ್ಳೋಣವೆಂದರೆ ಆ ಪುಣ್ಯಾತ್ಗಿತ್ತಿ ಮೈಸೂರಿನಲ್ಲಿ ಮಡಿ ಮೈಲಿಗೆ ಬಿಟ್ಟು ಎಷ್ಟೋ ಕಾಲವಾಗಿತ್ತು.

ಎಂಟು ಹತ್ತು ಜನ ಬಂದರು. ಬಡಿಸುವಾಗ ರೋಡಾ ಪಾತ್ರೆಗೆ ಅಂಟಿದ್ದ ಸ್ಟಿಕ್ಕರ್ ನೋಡಿದಳು.

"ಇದು ಹೊಸದಾ? ನಮಗೋಸ್ಕರ ತಂದಿದ್ದಾ?"

"ಹೌದು," ಅಂದಳು ಪದ್ಮಜಾ. ಸುಳ್ಳೇನೂ ಅಲ್ಲವಲ್ಲ.

ರೋಡಾ ತನ್ನ ಧರ್ಮದ ಊಟದ ಕಟ್ಟುಪಾಡು ಪಾಲಿಸುವವಳು. ಮಾಂಸ ಬೇಯಿಸಿದ ಪಾತ್ರೆಯಲ್ಲಿ ಬರೀ ಅನ್ನ ಮಾಡಿಕೊಟ್ಟರೂ ಅವಳಿಗೆ ಆಗುವುದಿಲ್ಲ. "ಯಾರ ಮನೆಗೆ ಹೋದರೂ ನೀರು ಕುಡಿದು ಬಂದುಬಿಡ್ತೀನಿ," ಅಂದಳು. "ನಾನು ಬಾಯಿಬಿಟ್ಟು ಕೇಳೋ ಮೊದಲೇ ಇಷ್ಟೆಲ್ಲ ಯೋಚನೆ ಮಾಡಿದವರು ನೀವೊಬ್ಬರೇ." ಕೈ ಹಿಡಿದುಕೊಂಡಳು, ಕಣ್ಣು ತುಂಬಿತು. ಪಕ್ಕದಲ್ಲಿದ್ದ ಹನಾನ್ ಕೂಡ ತಲೆ ತಗ್ಗಿಸಿ ಕಣ್ಣೊರೆಸಿಕೊಂಡಳು. ಅಷ್ಟು ತಿಂಗಳ ನಂತರ ಆ ಇಬ್ಬರು ಒಂದೇ ಸೋಫಾದ ಮೇಲೆ ಕೂತರು.

"ಅಯ್ಯೋ, ಅದರಲ್ಲೇನಿದೆ," ಅಂದಳು ಪದ್ಮಜಾ.

ಎಲ್ಲರೂ ಹೋದ ಮೇಲೆ ಅವಳು ಆ ಪಾತ್ರೆಗಳನ್ನು ಬಟ್ಟೆ ಒಗೆಯುವ ಕಡೆಯ ಸಿಂಕಿನಲ್ಲಿ ತೊಳೆಯುತ್ತಿದ್ದಾಗ ಮಗಳು ದೀಪ್ತಿ ಇಳಿದು ಬಂದಳು. "ಅಮ್ಮ, ದೇ ಥ್ಯಾಂಕ್ಡ್ ಯೂ ಫಾರ್ ದಿಸ್?" ಅಂದವಳು ಉತ್ತರಕ್ಕೂ ಕಾಯದೆ ಮೇಲೆ ಹೋದಳು. ಗಂಡ ದ್ವಾರಕಾನಾಥನದು ಬೇರೆ ರಾಗ. "ಅವರೇ ಹಾಗ್ ತಿಳ್ಕೊಂಡ್ರೆ ನೀನೇನ್ ಮಾಡ್ತೀಯ? ಒಳ್ಳೇದೇ ಆಯ್ತಲ್ಲ ಪದ್ಮ, ಸುಮ್ನಿರು."

"ಒಳ್ಳೇದಾಗಿದ್ದೇ ಕಷ್ಟ ಆಗಿರೋದು ಕಣ್ರೀ," ಅಂದಳು.

ನಿಜಕ್ಕೂ ಒಳ್ಳೆಯದಾಗಿತ್ತು. ಪ್ರತಿ ತಿಂಗಳೂ ಬಂದರು. ರೋಡಾ ಸತ್ತ ತನ್ನ ಸೋದರಳಿಯನ ಫೋಟೋ ತೋರಿಸಿದಾಗ ಹನಾನ್ ಅತ್ತಳು, ಹನಾನ್ ತನ್ನವರ ಹೆಸರು ಒಂದೊಂದಾಗಿ ಹೇಳಿದಾಗ ರೋಡಾ ಅತ್ತಳು. ಪ್ರತಿ ಸಲವೂ ಯಾರಾದರೊಬ್ಬರು ಹೊಸಬರಿಗೆ ಆ ಪಾತ್ರೆಗಳ ಕಥೆ ಹೇಳುವರು. ಪದ್ಮಜಾ ಮಾತ್ರ ನೀರು ತರುವ ನೆಪದಲ್ಲಿ ಮೇಲೆ ಓಡುವಳು. ಈಗ ನಿಜ ಹೇಳಿದರೆ ಆ ಇಬ್ಬರು ಮತ್ತೆ ಆಚೀಚೆ ಕೂತುಬಿಟ್ಟರೆ? ಹೇಳದಿದ್ದರೆ ಹೀಗೇ ಕದ್ದು ಮೆಟ್ಟಿಲು ಹತ್ತುತ್ತ ಇರಬೇಕು.

ಕೊನೆಗೆ ಹನಾನ್ ರೋಡಾಳನ್ನು ಹತ್ತಿರದ ಡಿಯರ್‌ಬಾರ್ನ್ ಊರಿನ ತನ್ನ ಮನೆಗೇ ಊಟಕ್ಕೆ ಕರೆದಳು. ಪದ್ಮಜಾ ಬರದಿದ್ದರೆ ಆಗುವುದೇ ಇಲ್ಲ ಅಂದಳು. ಪದ್ಮಜಾ ಮನೆಯಲ್ಲೇ ಮೊಸರನ್ನ ತಿಂದು, ಇವತ್ತು ಏಕಾದಶಿ ಎನ್ನುವ ಸುಳ್ಳನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಡ್ರೈವ್ ಮಾಡಿದಳು.

ಹನಾನಳ ಮೇಜಿನ ಮೇಲೆ ಎಲ್ಲವೂ ಹೊಸದು. ರೋಡಾಗೆಂದು ಹೊಸ ಪಾತ್ರೆಯಲ್ಲಿ ಮಾಡಿದ ಅನ್ನ, ಬೇಳೆಯ ಸಾರು. ಪದ್ಮಜಾ ಕೂರುವ ಜಾಗದಲ್ಲಿ ಫಳಫಳ ಹೊಳೆಯುವ ಒಂದು ಸ್ಟೀಲ್ ತಟ್ಟೆ. "ಇಂಡಿಯನ್ ಅಂಗಡಿ ಹುಡುಕಿ ತಂದೆ," ಅಂದಳು ಹನಾನ್. "ಇನ್ನೊಬ್ಬರ ಊಟವನ್ನೇ ಅಷ್ಟು ನೋಡಿಕೊಳ್ಳೋ ನೀವು, ನಿಮಗೂ ನಿಮ್ಮದೇ ತಟ್ಟೆ ಬೇಡವಾ? ನಮ್ಮತ್ತೆ ರೋಡಾ ಬರೋದು ಬೇಡ ಅಂತ ಹಟ ಹಿಡಿದಿದ್ದರು. ನಿಮ್ಮ ಕಥೆ ಹೇಳಿದ ಮೇಲೇ ಒಪ್ಪಿದ್ದು." ಇಂಗ್ಲಿಷ್ ಬಾರದ ಆ ಮುದುಕಿ ಎದ್ದು ಬಂದು ಪದ್ಮಜಾಳ ಹಣೆಗೆ ಮುತ್ತಿಟ್ಟಳು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಏಕಾದಶಿ ನಾಲಿಗೆಯ ಮೇಲೇ ಸತ್ತಿತು.

"ಆ ಪಾತ್ರೆಗಳನ್ನ ನಿಮ್ಮ ಧರ್ಮ ನೋಡಿ ತಂದಿದ್ದಲ್ಲ," ಅಂದಳು ಪದ್ಮಜಾ. "ನಮ್ಮ ಪಾತ್ರೆ ನೀವು ಮುಟ್ಟಬಾರದು ಅಂತ ತಂದೆ. ನನ್ನ ಅಡುಗೆಮನೆಗೆ ನಿಮ್ಮನ್ನ ಒಂದು ದಿನವೂ ಬಿಟ್ಟಿಲ್ಲ. ನೀವು ನೋಡಿಲ್ಲ, ಅಷ್ಟೇ."

ರೋಡಾ ಚಮಚ ಕೆಳಗಿಟ್ಟಳು. "ನನ್ನ ನಿಯಮ ಊಟಕ್ಕೆ ಸಂಬಂಧಪಟ್ಟಿದ್ದು," ಅಂದಳು. "ನಿಮ್ಮದು ನನಗೆ ಸಂಬಂಧಪಟ್ಟಿದ್ದು."

ಕೆನ್ನೆಗೆ ಬಾರಿಸಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಹನಾನಳ ಅತ್ತೆ ಏನೋ ಕೇಳಿದಳು. ಹನಾನ್ ಮುಚ್ಚಿಡಲಿಲ್ಲ, ಎಲ್ಲವನ್ನೂ ಅರಬ್ಬಿಯಲ್ಲಿ ಹೇಳಿದಳು. ಮುದುಕಿಯ ಮುಖವನ್ನು ನೋಡುವ ಧೈರ್ಯ ಪದ್ಮಜಾಗೆ ಬರಲಿಲ್ಲ. ಆಮೇಲೆ ಹನಾನ್ ಎದ್ದು ಆ ಸ್ಟೀಲ್ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. ಬಂದಾಗ ಕೈಯಲ್ಲಿ ಅಂಚು ಚಕ್ಕೆ ಎದ್ದ ಒಂದು ಪಿಂಗಾಣಿ ತಟ್ಟೆ ಇತ್ತು. ಅದನ್ನು ಪದ್ಮಜಾಳ ಮುಂದಿಟ್ಟು ಅನ್ನ ಬಡಿಸಿದಳು.

"ಇದು ನಮ್ಮನೇಲಿ ದಿನಾ ಉಣ್ಣೋ ತಟ್ಟೆ," ಅಂದಳು. "ಮಾಂಸ ತಿಂದಿದ್ದೀವಿ, ತೊಳೆದಿದ್ದೀವಿ. ಊಟ ಮಾಡ್ತೀರಾ?"

ಅದರಲ್ಲಿ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಬರೀ ಒಂದು ಪ್ರಶ್ನೆ.

ಪದ್ಮಜಾ ತುತ್ತು ಕಲಸಿ ಎತ್ತಿದಳು. ಎಲ್ಲ ಒಪ್ಪಿಕೊಂಡಾದ ಮೇಲೂ, ನಾಚಿಕೆಗೆ ಸತ್ತುಹೋಗುತ್ತಿರುವಾಗಲೂ, ಬಾಯಿ ತೆರೆಯುವ ಮುಂಚೆ ಅವಳ ಮೂಗು ಒಂದು ಕ್ಷಣ ಅದನ್ನು ಮೂಸಿ ನೋಡಿತು. ಎದುರಿಗೆ ಕೂತಿದ್ದ ರೋಡಾ ಅದನ್ನು ಕಂಡಳು. ರೋಡಾ ಕಂಡದ್ದನ್ನು ಪದ್ಮಜಾ ಕಂಡಳು. ತಲೆ ತಗ್ಗಿಸಿ ತುತ್ತನ್ನು ಬಾಯಿಗಿಟ್ಟುಕೊಂಡಳು.