ಬಾಗಿಲ ಪದ್ಯದ ರಾಗ

ಅರಳಗುಪ್ಪೆ ಕಡೆಯಿಂದ ಬಂದ ಹೊಸ ಹಾರ್ಮೋನಿಯಂ ಮೇಷ್ಟ್ರು ಹುಚ್ಚರಂಗಯ್ಯ ಮೂರೇ ದಿನಕ್ಕೆ ಕರಿಬಸವಯ್ಯನ ನೆಮ್ಮದಿ ಕೆಡಿಸಿದರು. ಮನುಷ್ಯ ಸಾಧುವೇ, ಕೇಳಿದ್ದೂ ಒಂದೇ ಪ್ರಶ್ನೆ. ಆದರೆ ಕೇಳಬಾರದವನನ್ನು ಕೇಳಿದರು.

ಊರಿನ ನಾಟಕ ಎಲ್ಲರಿಗೂ ಬಾಯಿಪಾಠ. ಕೋಟೆಗೆ ಶತ್ರುಗಳು ಮುತ್ತಿಗೆ ಹಾಕಿದ್ದಾರೆ. ಪಾಲಿನ ಜಗಳದಲ್ಲಿ ಮುನಿಸಿಕೊಂಡು ಹೋಗಿದ್ದ ಚಿಕ್ಕ ದೊರೆ ಓಡಿಬಂದು ಬಾಗಿಲು ತಟ್ಟುತ್ತಾನೆ. ಒಳಗಿರುವ ದೊಡ್ಡ ದೊರೆ ಬಾಗಿಲು ತೆಗೆಯುವುದಿಲ್ಲ, ನಿಂತಲ್ಲೇ ಒಂದು ಪದ್ಯ ಹಾಡುತ್ತಾನೆ. ಅವನ ತಮ್ಮನಾದ ಚಿಕ್ಕ ದೊರೆ ಹೊಸ್ತಿಲಲ್ಲೇ ಕೊಲೆಯಾಗುತ್ತಾನೆ. ಅಪ್ಪನ ಕಾಲದಿಂದಲೂ ಆ ಎರಡು ಪಾತ್ರ ಒಂದೇ ಮನೆಯವು: ದೊಡ್ಡ ದೊರೆ ಕರಿಬಸವಯ್ಯ, ಚಿಕ್ಕ ದೊರೆ ಅವನ ತಮ್ಮ ದಯಾನಂದ. ತೆಂಗಿನ ತೋಟ ಪಾಲಾದ ಮೇಲೆ ಇಬ್ಬರೂ ಮಾತು ಬಿಟ್ಟು, ಈ ತೊಂಬತ್ತೆಂಟನೇ ಇಸವಿಗೆ ಐದು ವರ್ಷ. ಬಣ್ಣ ಹಚ್ಚಿಕೊಂಡಾಗ ಮಾತ್ರ ಅಣ್ಣಾ, ತಮ್ಮಾ ಎನ್ನುತ್ತಿದ್ದರು. ಊರಿಗೆ ಅದೊಂದು ತಮಾಷೆ.

"ಹಳೇ ಮೇಷ್ಟ್ರು ಬಾಗಿಲ ಪದ್ಯಾನ ಅಠಾಣದಲ್ಲಿ ಹಾಕವ್ರೆ. ಅದು ಸಿಟ್ಟಿನ ರಾಗ," ಎಂದರು ಹುಚ್ಚರಂಗಯ್ಯ. "ಪದ್ಯದಲ್ಲಿ ಸಿಟ್ಟೇ ಇಲ್ವಲ್ರೀ ಯಜಮಾನ್ರೇ. ದೊರೆ ಬಾಗ್ಲು ಯಾಕ್ ತೆಗೀಲಿಲ್ಲ?"

"ಇನ್ಯಾಕೆ, ರಾಜ್ಯದಾಸೆ," ಎಂದ ಕರಿಬಸವಯ್ಯ.

"ನಾಳೆ ಬಿದ್ದೋಗೋ ಕೋಟೇಲಿ ರಾಜ್ಯ ಎಲ್ಲೈತೆ? ಯೋಚ್ನೆ ಮಾಡಿ, ಭಾನುವಾರ ಹೇಳಿ. ಕಾರಣ ಗೊತ್ತಾಗ್ದೆ ನಾನು ರಾಗ ಹಾಕಾಕಿಲ್ಲ."

ಅಲ್ಲಿಗೆ ನಿದ್ದೆ ಹಾರಿಹೋಯಿತು. ಕೂತರೆ ಏಳಬೇಕು, ಎದ್ದರೆ ಎಲ್ಲಿಗಾದರೂ ಹೋಗಬೇಕು. ತೋಟಕ್ಕೆ ಹೋದವನು ನೀರು ಬಿಡುವುದನ್ನೇ ಮರೆತು ಬಂದ. ಅಟ್ಟ ಹತ್ತಿ, ಕೊಬ್ಬರಿಗೆಂದು ಒಣಗಲು ಬಿಟ್ಟ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ. ಒಣಗಿ ಒಳಗೆ ಸದ್ದು ಮಾಡಲು ಇನ್ನೂ ಮೂರು ತಿಂಗಳು ಬೇಕಾದ ಕಾಯಿಯಲ್ಲಿ ಏನು ಕೇಳುತ್ತದೆ, ಮಣ್ಣು!

"ದೊರೆ ಯಾಕೆ ಬಾಗ್ಲು ತೆಗೀಲಿಲ್ಲ ಕಣೇ?" ಎಂದು ಹೆಂಡತಿ ಶಾಂತಕುಮಾರಿಯನ್ನು ಕೇಳಿದ.

"ಆ ದೊರೆ ಹಾಳಾಗ್ಲಿ, ಮೊದ್ಲು ಉಣ್ಣಿ," ಎಂದಳು.

ಕಾಯಿ ಕೀಳಲು ಬಂದಿದ್ದ ಚಿಕ್ಕಣ್ಣನನ್ನೂ ಬಿಡಲಿಲ್ಲ. ಅವನು ಬೀಡಿ ಹಚ್ಚುತ್ತಾ, "ತಮ್ಮ ಹೊಡ್ಯಾಕೆ ಬಂದವ್ನೆ ಅಂದ್ಕೊಂಡಿರ್ಬೇಕು ಬುಡಿ ಅಯ್ಯಾ," ಎಂದುಬಿಟ್ಟ. ಕರಿಬಸವಯ್ಯ ಅಲ್ಲಿ ನಿಲ್ಲದೆ ಮನೆಯೊಳಕ್ಕೆ ನಡೆದುಬಿಟ್ಟ.

ಯಾಕೆಂದರೆ ಕಾರಣ ಅವನಿಗೆ ಗೊತ್ತಿತ್ತು. ದೊರೆಯದಲ್ಲ, ತನ್ನದು. ಪಾಲಾದ ವರ್ಷ ಅವ್ವ ದಯಾನಂದನ ಮನೆಯಲ್ಲಿದ್ದಳು. ಬದುವಿನ ಮರಕ್ಕಾಗಿ ಅಣ್ಣತಮ್ಮಂದಿರು ಕೈಕೈ ಮಿಲಾಯಿಸಿದ ಮಾರನೆಯ ಬೆಳಿಗ್ಗೆ ದಯಾನಂದ ಬಂದು ಬಾಗಿಲು ತಟ್ಟಿದ. ಶಾಂತಕುಮಾರಿ ತವರಿಗೆ ಹೋಗಿದ್ದಳು. ಮಚ್ಚು ಹಿಡಿದು ಬಂದಿದ್ದಾನೆ ಎಂದುಕೊಂಡ ಕರಿಬಸವಯ್ಯ ಅಗುಳಿಯ ಮೇಲೆ ಕೈಯಿಟ್ಟು ಉಸಿರು ಬಿಗಿಹಿಡಿದು ನಿಂತ. ಮೂರು ಸಲ ತಟ್ಟಿ ತಮ್ಮ ಹೊರಟುಹೋದ. ಗಳಿಗೆಯೊಳಗೆ ಸುದ್ದಿ ಬಂತು, ಅವ್ವ ಹೋದಳೆಂದು. ಕೊನೆಗಳಿಗೆಯಲ್ಲಿ ದೊಡ್ಡ ಮಗನನ್ನು ಕರೆ ಎಂದಿದ್ದಳಂತೆ. "ತೋಟದಾಗಿದ್ದೆ, ಕೇಳಿಸ್ಲಿಲ್ಲ," ಎಂದು ಊರಿಗೆಲ್ಲ ಹೇಳಿದ. ಊರು ನಂಬಿತು. ತಮ್ಮ ನಂಬಿದನೋ ಇಲ್ಲವೋ, ಅದೊಂದನ್ನು ಕೇಳಲು ಮಾತೇ ಇರಲಿಲ್ಲವಲ್ಲ.

ಭಾನುವಾರ ಮಧ್ಯಾಹ್ನ ಶಾಲೆಯ ಜಗಲಿಯಲ್ಲಿ ತಾಲೀಮು. ಮೇಷ್ಟ್ರು ಹಾರ್ಮೋನಿಯಂ ಮೇಲೆ ಕೈಯಿಟ್ಟು, "ಹೇಳಿ ಯಜಮಾನ್ರೇ," ಎಂದರು. ಕರಿಬಸವಯ್ಯ ನಾಟಕದ ಪುಸ್ತಕದ ಹಾಳೆ ತಿರುವತೊಡಗಿದ. ಎದುರಿನ ಕಂಬಕ್ಕೆ ಒರಗಿದ್ದ ದಯಾನಂದ ಮೇಷ್ಟ್ರ ಕಡೆ ತಿರುಗಿದ. ಮಾತು ಬಿಟ್ಟವರು ಮೂರನೆಯವರಿಗೆ ತಾನೇ ಹೇಳಬೇಕು?

"ಹೆದ್ರಿದ್ದ ಮೇಷ್ಟ್ರೇ. ಬಾಗ್ಲು ಕೆಳಗೆ ಸಂದು ಇರ್ತದೆ. ಹೊರಗೆ ನಿಂತೋನ್ಗೆ ಒಳಗಿರೋನ ಕಾಲು ಕಾಣ್ತವೆ. ಗಡಗಡ ನಡುಗ್ತಿದ್ವು."

"ನಾಟಕದಲ್ಲಿ ಹಂಗೆಲ್ಲೂ ಬರ್ದಿಲ್ವಲ್ಲಪ್ಪ," ಎಂದರು ಮೇಷ್ಟ್ರು.

"ಬರ್ದಿಲ್ಲ. ತಮ್ಮಂದೂ ತಪ್ಪೈತೆ, ಅದ್ನೂ ಬರ್ದಿಲ್ಲ. ಯಾಕ್ ಬಂದೆ ಅಂತ ಹೊರಗಿಂದ್ಲೇ ಕೂಗಿ ಹೇಳ್ಬೌದಿತ್ತು. ಮೊದ್ಲು ಬಾಗ್ಲು ತೆಗೀಲಿ, ಆಮೇಲೆ ಹೇಳಾನ ಅಂತ ಹಠ ಹಿಡ್ದ. ಮುಖಾರೀಲಿ ಹಾಕಿ. ಇಬ್ರುದ್ದೂ ದುಃಖಾನೇ."

ತನ್ನ ಕಾಲನ್ನು ಕಂಡವನ ಎದುರೇ ತೋಟದಲ್ಲಿದ್ದೆನೆಂದು ಐದು ವರ್ಷ ತಲೆಯೆತ್ತಿ ತಿರುಗಿದ್ದೆನಲ್ಲ ಎಂದು ಕರಿಬಸವಯ್ಯನಿಗೆ ಭೂಮಿಗಿಳಿದುಹೋಗುವಷ್ಟು ನಾಚಿಕೆಯಾಯಿತು. ತಮ್ಮ ಯಾರೊಬ್ಬರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಹಿಡಿದಿದ್ದ ನಾಟಕದ ಪುಸ್ತಕವನ್ನು ಕೆಳಗಿಟ್ಟು ಎದ್ದ. ಮೇಷ್ಟ್ರ ಕಡೆ ನೋಡಲಿಲ್ಲ, ನೇರವಾಗಿ ತಮ್ಮನ ಮುಂದೆ ಹೋಗಿ ನಿಂತ.

"ನಾನ್ ಬರ್ಲಿಲ್ಲ ಅಂದಾಗ ಅವ್ವ ಏನಂದ್ಲಾ?"

ದಯಾನಂದ ತಲೆಯೆತ್ತಿ ಅಣ್ಣನ ಮುಖ ನೋಡಿದ.

"ತೋಟದಾಗಿರ್ಬೇಕು, ಬತ್ತಾನೆ ಬುಡು, ಅಂದ್ಲು ಕಣಣ್ಣ."