ಎಡಗಡೆಯ ಅಂಚು

ಜೋಡಿಮಗ್ಗದ ಹೊದಿಕೆ ತೆಗೆಯುವ ಮಾತು ಬಂದಾಗ ನೇಕಾರರ ಸಂಘದ ಕೋಣೆಯಲ್ಲಿ ಎಲ್ಲರೂ ತಮ್ಮ ತಮ್ಮ ರಾಟೆಯತ್ತ ಬಗ್ಗಿದರು. ಆ ಮಗ್ಗದಲ್ಲಿ ಒಬ್ಬರೇ ಕೂತು ನೇಯುವುದು ಆಗದ ಕೆಲಸ. ಅದರ ಅಗಲಕ್ಕೆ ಇಬ್ಬರು ಒಂದೇ ಮಣೆಯ ಮೇಲೆ ಪಕ್ಕಪಕ್ಕ ಕೂರಬೇಕು. ಎಡಗಡೆಯವರು ಎಸೆದ ನೂಲಿನ ಲಾಳಿಯನ್ನು ಬಲಗಡೆಯವರು ಹಿಡಿಯಬೇಕು, ಆಮೇಲೆ ಇಬ್ಬರೂ ಒಂದೇ ಸಲಕ್ಕೆ ಹಣಿಗೆ ಎಳೆದು ನೂಲನ್ನು ಬಿಗಿಯಾಗಿ ಕೂರಿಸಬೇಕು. ಅದನ್ನು ಬಲ್ಲವರು ಸಂಘದಲ್ಲಿ ಇದ್ದದ್ದೇ ಇಬ್ಬರು, ಒಬ್ಬ ಅಕ್ಕ, ಒಬ್ಬ ತಂಗಿ. ಅವರಿಬ್ಬರಿಗೂ ಮಾತಿರಲಿಲ್ಲ.

ಮಾತಿರಲಿಲ್ಲ ಎಂದರೆ ಜಗಳವಾಡುತ್ತಿದ್ದರು ಎಂದಲ್ಲ. ಜಗಳಕ್ಕಾದರೂ ಮಾತು ಬೇಕಲ್ಲ. ಅಕ್ಕ ಕಿಟಕಿ ಪಕ್ಕದ ಸಣ್ಣ ಮಗ್ಗಕ್ಕೆ ಕೂತರೆ ತಂಗಿ ಹಿತ್ತಲಲ್ಲಿ ಬಣ್ಣದ ಹಂಡೆಗಳ ಹತ್ತಿರ ಇರುತ್ತಿದ್ದಳು. ಒಬ್ಬಳು ಚಹಾಕ್ಕೆ ಎದ್ದರೆ ಇನ್ನೊಬ್ಬಳಿಗೆ ಅಷ್ಟೊತ್ತಿಗೆ ಚಹಾ ಬೇಡವಾಗಿರುತ್ತಿತ್ತು. ಹೊಸಬರು ಯಾರಾದರೂ ಸೇರಿದರೆ, ಇವರಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂದು ಡ್ರೈವರ್ ಮಾವ ಅವರ ಕಿವಿಯಲ್ಲಿ ಹೇಳಬೇಕಾಗುತ್ತಿತ್ತು. ಮಾವ ಬಸ್ಸು ಓಡಿಸಿ ನಿವೃತ್ತರಾದವರು. ರಾಟೆಯಲ್ಲಿ ಉಣ್ಣೆ ನೂಲುವುದು ಬಿಟ್ಟರೆ ಅವರಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಆದರೆ ಎಲ್ಲರ ಮನೆಯ ಸುದ್ದಿ ಅವರ ಬಾಯಲ್ಲಿತ್ತು.

ಸಂಘ ಇದ್ದದ್ದು ನಗರಸಭೆಯ ಹಳೆಯ ಉಗ್ರಾಣದಲ್ಲಿ. ಆ ಜಾಗವನ್ನು ಖಾಲಿ ಮಾಡಿಸಿ ಗಾಡಿಗಳನ್ನು ನಿಲ್ಲಿಸಬೇಕೆಂದು ನಗರಸಭೆಯವರು ಮಾತಾಡಿಕೊಳ್ಳುತ್ತಿದ್ದರು. ಸಂಘದ ಅಧ್ಯಕ್ಷೆ ಓಡಾಡಿ, ಹೊಸ ಸಭಾಭವನದ ವೇದಿಕೆಗೆ ಪರದೆಯನ್ನು ಸಂಘದವರೇ ನೇಯ್ದು ಕೊಡುವುದೆಂದು ಒಪ್ಪಿಸಿಕೊಂಡು ಬಂದಿದ್ದರು. ಪರದೆ ನೋಡಿದ ಮೇಲೆ ಜಾಗದ ವಿಚಾರ ತೀರ್ಮಾನ ಎಂದಿದ್ದರು ನಗರಸಭೆಯವರು. ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅಧ್ಯಕ್ಷೆಯನ್ನು ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು.

"ನಿಮ್ಮಿಬ್ಬರ ಮನಸ್ಸು ಕೂಡಿಸೋಕೆ ನಾನು ಬಂದಿಲ್ಲ," ಎಂದರು ಸಿಸ್ಟರ್. "ಮಾತು ಬೇಡ. ಕೂತು ನೇಯಿರಿ, ಅಷ್ಟು ಸಾಕು."

ಅಕ್ಕ ತಲೆ ಆಡಿಸಿದಳು. ಒಪ್ಪುವುದರಲ್ಲಿ ಸ್ವಲ್ಪ ತಡ ಮಾಡಿದಳು ಎಂದು ತಂಗಿಗೆ ಅನ್ನಿಸಿತು. ತನ್ನ ಪಕ್ಕ ಕೂರುವುದು ಅವಳಿಗೆ ಅಷ್ಟು ಕಷ್ಟ ಎಂದುಕೊಂಡಳು.

ಪರದೆಯನ್ನು ಪಟ್ಟಿಪಟ್ಟಿಯಾಗಿ ನೇಯ್ದು ಆಮೇಲೆ ಒಟ್ಟಿಗೆ ಹೊಲಿಯಬೇಕಿತ್ತು. ಮೊದಲ ಪಟ್ಟಿ ಸರಾಗವಾಗಿ ಹೋಯಿತು. ಇಬ್ಬರಿಗೂ ಈ ಮಗ್ಗ ಕಲಿಸಿದವಳು ಅಮ್ಮ. ಅಕ್ಕ ಎಡಕ್ಕೆ, ತಂಗಿ ಬಲಕ್ಕೆ, ಅಮ್ಮ ಬೆನ್ನ ಹಿಂದೆ. ಎಷ್ಟೋ ವರ್ಷ ಆಗಿದ್ದರೂ ಕೈಕಾಲು ಮರೆತಿರಲಿಲ್ಲ. ಮೊಣಕೈಗೆ ಮೊಣಕೈ ತಾಗುತ್ತಿತ್ತು, ಮುಖ ಮಾತ್ರ ಇಬ್ಬರದೂ ನೆಟ್ಟಗೆ ಮುಂದಕ್ಕೆ. ಸಂಘದವರು ಉಸಿರು ಬಿಗಿಹಿಡಿದು ತಮ್ಮ ತಮ್ಮ ಕೆಲಸ ಮಾಡುತ್ತಿದ್ದರು. ಯಾರಾದರೂ ಕೆಮ್ಮಿದರೆ ಉಳಿದವರು ಅವರನ್ನು ದುರುಗುಟ್ಟಿ ನೋಡುತ್ತಿದ್ದರು.

ಎರಡನೆಯ ಪಟ್ಟಿಯಲ್ಲಿ ಎಡಗಡೆಯ ಅಂಚು ಸಡಿಲವಾಗತೊಡಗಿತು.

ಮೊದಲು ತಂಗಿ ಕಂಡೂ ಕಾಣದ ಹಾಗೆ ಇದ್ದಳು. ಮಾರನೆಯ ದಿನ ಬೆರಳಾಡಿಸಿ ನೋಡಿದಳು. ಬಲಗಡೆ ಬಟ್ಟೆ ಹಲಗೆಯ ಹಾಗೆ ಗಟ್ಟಿ, ಎಡಗಡೆ ಹಿಡಿದರೆ ಜೋಲು. ಲಾಳಿಯೂ ಅತ್ತಲಿಂದ ಅರ್ಧ ದಾರಿಗೆ ಬಂದು ನಿಲ್ಲುತ್ತಿತ್ತು. ಇವಳು ಬಗ್ಗಿ ಎಳೆದುಕೊಳ್ಳಬೇಕು. ಅಕ್ಕ ಏನೂ ಆಗಿಲ್ಲ ಎನ್ನುವ ಹಾಗೆ ಮುಂದಿನ ಸಾಲಿಗೆ ಕಾಲು ಒತ್ತುತ್ತಿದ್ದಳು. ಬೇಕೆಂದೇ ಮಾಡುತ್ತಿದ್ದಾಳೆ, ತಂಗಿಗೆ ಖಾತ್ರಿಯಾಯಿತು. ಎಲ್ಲರೆದುರು ಒಪ್ಪಿಕೊಂಡು, ಈಗ ತನ್ನ ಜೊತೆ ನನ್ನ ಹೆಸರೂ ಹಾಳಾಗಲಿ ಎಂದು ಸೇಡು ತೀರಿಸಿಕೊಳ್ಳುತ್ತಿದ್ದಾಳೆ.

ಆ ದಿನ ಲಾಳಿ ಅಕ್ಕನ ಕೈಯಿಂದ ಜಾರಿ ನೆಲಕ್ಕೆ ಬಿದ್ದಿತು. ಬಿದ್ದ ರಭಸಕ್ಕೆ ನೂಲು ಬಿಚ್ಚಿಕೊಂಡು ಉರುಳಿತು. ತಂಗಿ ಮಣೆಯಿಂದ ಎದ್ದಳು.

"ನನ್ನ ಮೇಲಿನ ಸಿಟ್ಟು ಬಟ್ಟೆ ಮೇಲೆ ಯಾಕೆ ತೋರಿಸ್ತೀಯ?" ಎಂದಳು. ಅಷ್ಟು ವರ್ಷಗಳಲ್ಲಿ ಅಕ್ಕನ ಮುಖ ನೋಡಿ ಆಡಿದ ಮೊದಲ ಮಾತು ಅದು. "ಇಷ್ಟು ಜನರ ಸೂರು ಹೋಗುತ್ತೆ ಅಂತಾನಾದರೂ ನಾಚಿಕೆ ಬೇಡವಾ? ಮೈಗಳ್ಳಿ ಹಾಗೆ ಕೂತಿದೀಯಲ್ಲ. ಕೈಗೇನು ಬಂದಿದೆ ನಿಂಗೆ?"

ರಾಟೆಗಳೆಲ್ಲ ನಿಂತವು. ಅಕ್ಕ ಬಗ್ಗಿ ಬಲಗೈಯಿಂದ ಲಾಳಿ ಎತ್ತಿ ಮಗ್ಗದ ಮೇಲಿಟ್ಟು ಹಿತ್ತಲಿಗೆ ಹೋದಳು.

ಸಿಟ್ಟು ಇನ್ನೂ ಅರ್ಧ ಉಳಿದಿದ್ದ ತಂಗಿ ಹಿಂದೆಯೇ ಹೋದಳು. ಬಣ್ಣ ಹಾಕಿದ ಉಣ್ಣೆಯ ಲಡಿಗಳನ್ನು ಒಣಹಾಕಿದ್ದ ತಂತಿಗಳ ನಡುವೆ ಅಕ್ಕ ಆಚೆ ತಿರುಗಿ ನಿಂತಿದ್ದಳು. "ನಿನ್ನ ಹತ್ತಿರಾನೇ ಮಾತಾಡ್ತಿರೋದು," ಎಂದು ತಂಗಿ ಅವಳ ಎಡಗೈ ಹಿಡಿದು ಎಳೆದಳು. ಎಳೆದವಳು ಕೈ ಬಿಡಲಿಲ್ಲ.

ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇರಬೇಕಾದ ಮಾಂಸ ಇಳಿದುಹೋಗಿ ಅಲ್ಲಿ ಗುಳಿ ಬಿದ್ದಿತ್ತು. ಅಮ್ಮನ ಕೈಯಲ್ಲಿ ಬಿದ್ದ ಜಾಗದಲ್ಲೇ. ಅಮ್ಮನಿಗೂ ಎಡಗೈಯಿಂದಲೇ ಶುರುವಾಗಿತ್ತು.

ಅಮ್ಮನ ಕಾಯಿಲೆ ಮೊದಲು ಕೈಯ ಶಕ್ತಿ ತೆಗೆದುಕೊಂಡಿತು, ಆಮೇಲೆ ಕಾಲಿನದು, ಕೊನೆಗೆ ನುಂಗುವುದನ್ನೂ. ಮದ್ದಿಲ್ಲದ ಕಾಯಿಲೆ. ಅದು ಅಕ್ಕನಿಗೆ ಶುರುವಿನಿಂದ ಗೊತ್ತಿತ್ತು. ತಂಗಿಗೆ ಗೊತ್ತಿರಲಿಲ್ಲ. ಅವಳಿಗೆ ಆಗತಾನೆ ಮಗಳು ಹುಟ್ಟಿದ್ದಳು. ನೋಡಲು ಬಂದ ಅಮ್ಮ ಮಗುವನ್ನು ಎತ್ತಿಕೊಳ್ಳಲೇ ಇಲ್ಲ. ಕೊಡಲು ಹೋದರೆ "ಮಲಗಿರಲಿ ಬಿಡು" ಎಂದು ಕೈ ಹಿಂದಕ್ಕೆ ಕಟ್ಟಿಕೊಂಡಳು. ಹೆಣ್ಣು ಮಗು ಎಂದು ಹೀಗೆ ಮಾಡುತ್ತಿದ್ದಾಳೆ ಎಂದುಕೊಂಡ ತಂಗಿ ಬಾಯಿಗೆ ಬಂದ ಹಾಗೆ ಆಡಿ, ತಿಂಗಳುಗಟ್ಟಲೆ ಅತ್ತ ತಲೆ ಹಾಕಲಿಲ್ಲ. ನಿಜ ತಿಳಿಯುವ ಹೊತ್ತಿಗೆ ಅಮ್ಮನಿಗೆ ಮಾತು ಹೋಗಿತ್ತು. ಅಂದಿನಿಂದ ಅಕ್ಕನ ಜೊತೆ ಮಾತು ಬಿಟ್ಟಳು. ಗೊತ್ತಿದ್ದವಳು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಈಗ ಮತ್ತೆ ಅದೇ ಆಗಿತ್ತು. ಕಾಯಿಲೆಯವಳಿಗೆ, ಏನೂ ಗೊತ್ತಿಲ್ಲದೆ, ಆಡಬಾರದ್ದನ್ನು ಆಡಿಯಾಗಿತ್ತು.

"ಯಾವಾಗಿಂದ?" ಎಂದಳು ತಂಗಿ.

"ಹೋದ ಚಳಿಗಾಲದಿಂದ." ಅಕ್ಕ ಕೈ ಬಿಡಿಸಿಕೊಂಡಳು. "ಯಾರಿಗೂ ಹೇಳ್ಬೇಡ. ಪರದೆ ಮುಗೀಲಿ."

"ಡಾಕ್ಟರಿಗೆ ತೋರಿಸಿದ್ಯಾ?"

"ತೋರಿಸಿ ಏನು ಕೇಳ್ಬೇಕು? ಅಮ್ಮನಿಗೆ ಹೇಳಿದ್ದನ್ನ ನಾನೂ ಪಕ್ಕದಲ್ಲೇ ಕೂತು ಕೇಳಿದೀನಿ. ನನ್ನಾಣೆ, ಒಳಗೆ ಹೋಗಿ ಬಾಯಿ ಬಿಡಬೇಡ."

"ಆಣೆಗೀಣೆ ಎಲ್ಲ ನಿನ್ನ ಹತ್ತಿರಾನೇ ಇಟ್ಕೋ," ಎಂದು ತಂಗಿ ಒಳಗೆ ನಡೆದಳು. ಅಕ್ಕ ಹಿಂದಿನಿಂದ ಒಂದೇ ಸಲ ಮನೆಯಲ್ಲಿ ಅವಳನ್ನು ಕರೆಯುತ್ತಿದ್ದ ಹೆಸರು ಹಿಡಿದು ಕರೆದಳು, "ಪುಟ್ಟೀ." ತಂಗಿ ನಿಲ್ಲಲಿಲ್ಲ. ಮಗ್ಗದ ಹತ್ತಿರ ನಿಂತು ಎಲ್ಲರಿಗೂ ಕೇಳುವ ಹಾಗೆ, "ತಪ್ಪು ನಂದು. ಅಕ್ಕನ ಕೈಯಲ್ಲಿ ಶಕ್ತಿ ಇಲ್ಲ. ಅಮ್ಮನಿಗೆ ಆದ ಹಾಗೇ ಆಗಿದೆ. ಇವಳು ಮುಚ್ಚಿಟ್ಟಿದಾಳೆ," ಎಂದಳು.

ಅಕ್ಕ ಬಾಗಿಲಲ್ಲಿ ನಿಂತು ಅದನ್ನು ಕೇಳಿದಳು. ಗೂಟದಿಂದ ಚೀಲ ತೆಗೆದುಕೊಂಡಳು, ಚಪ್ಪಲಿ ಮೆಟ್ಟಿದಳು, ಯಾರ ಕಡೆಗೂ ನೋಡದೆ ಹೊರಟುಹೋದಳು.

ಆಮೇಲೆ ಸಂಘದಲ್ಲಿ ಎರಡು ಪಂಗಡವಾಯಿತು. ಹೇಳಿದ್ದು ಸರಿ ಎಂದು ಕೆಲವರು. ಹೆಂಗಸಿನ ಮಾನ ಹೀಗೆ ಬೀದಿಗೆ ತರುವುದೇ, ಸಿಸ್ಟರ್ ಒಬ್ಬರಿಗೇ ಹೇಳಬಹುದಿತ್ತಲ್ಲ ಎಂದು ಉಳಿದವರು. ಪರದೆ ಮುಗಿಯುವವರೆಗಾದರೂ ತಡೆಯಬಹುದಿತ್ತು ಎಂದು ಒಬ್ಬಾಕೆ ಉಣ್ಣೆ ಬಾಚುತ್ತಾ ಗೊಣಗಿದಾಗ ಡ್ರೈವರ್ ಮಾವ ರಾಟೆ ಬಿಟ್ಟು ಎದ್ದು ನಿಂತರು. "ಪರದೆ ಹರ್ಕೊಂಡು ಹೋಗ್ಲಿ ಕಣಮ್ಮ," ಎಂದರು. ಮಾವ ದನಿ ಏರಿಸಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ಸಿಸ್ಟರ್ ತಂಗಿಯನ್ನು ಕರೆದುಕೊಂಡು ಅಕ್ಕನ ಮನೆಗೆ ಹೋದರು. ಬಾಗಿಲು ತೆರೆಯಲಿಲ್ಲ. ಒಳಗೆ ಹೆಜ್ಜೆ ಸಪ್ಪಳ ಮಾತ್ರ ಕೇಳುತ್ತಿತ್ತು. ಸಿಸ್ಟರ್ ಮೆಲ್ಲಗೆ ತಟ್ಟಿದರು, ಸಮಾಧಾನ ಹೇಳಿದರು, ನಾಳೆ ಬರ್ತೀವಿ ಎಂದರು. ತಂಗಿ ಮೆಟ್ಟಿಲ ಮೇಲೆ ಕುಕ್ಕರಿಸಿದಳು.

"ನಾನು ಏಳಲ್ಲ," ಎಂದಳು ಬಾಗಿಲಿಗೆ. "ಬೇಕಾದ್ರೆ ಬೀದಿಯವರಿಗೆಲ್ಲ ಕೇಳೋ ಹಾಗೆ ಹೇಳ್ತೀನಿ, ಚಿಕ್ಕವಳಿದ್ದಾಗ ನೀನು ಏನೇನು ಕದ್ದು ತಿಂತಿದ್ದೆ ಅಂತ."

ಎದುರು ಮನೆಯ ಕಿಟಕಿ ತೆರೆಯಿತು. ಸ್ವಲ್ಪ ಹೊತ್ತಿಗೆ ಅಕ್ಕನ ಬಾಗಿಲೂ ತೆರೆಯಿತು.

ಒಳಗೆ ಸಿಸ್ಟರ್ ಅಕ್ಕನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಬೆರಳು ಮುಟ್ಟಿದರು. ಇಲ್ಲಿ ಜೋಮು ಹಿಡಿಯುತ್ತಾ, ಇಲ್ಲಿ? ಕಿರುಬೆರಳಲ್ಲಿ ಹಿಡಿಯುತ್ತೆ ಎಂದಳು ಅಕ್ಕ, ಮುಟ್ಟಿದರೆ ಬೇರೆಯವರ ಬೆರಳು ಮುಟ್ಟಿದ ಹಾಗೆ. ಸಿಸ್ಟರ್ ಆ ಕಿರುಬೆರಳನ್ನು ಇನ್ನೊಮ್ಮೆ ಒತ್ತಿ ನೋಡಿದರು. ತಂಗಿ ಅವರ ಮುಖವನ್ನೇ ನೋಡುತ್ತಿದ್ದಳು, ಅದರಲ್ಲಿ ಏನೂ ಕಾಣಿಸಲಿಲ್ಲ. "ನಾನು ಏನೂ ಹೇಳಲ್ಲ. ಹೇಳಬೇಕಾದವರು ಹೇಳಲಿ," ಎಂದು ಎದ್ದರು. ಅದನ್ನು ಅಕ್ಕತಂಗಿ ಇಬ್ಬರೂ ಕೆಟ್ಟ ಸುದ್ದಿ ಎಂದೇ ತಿಳಿದರು.

ಆಸ್ಪತ್ರೆಯಲ್ಲಿ ಅಕ್ಕನ ತೋಳಿಗೆ ಸೂಜಿ ಚುಚ್ಚಿ, ಕರೆಂಟು ಹಾಯಿಸಿ ನರಗಳ ಪರೀಕ್ಷೆ ಮಾಡಿದರು. ಆಮೇಲೆ ಹೊರಗೆ ಕೂತಿರಲು ಹೇಳಿದರು. ಹಜಾರದಲ್ಲಿ ಬೆಂಚು ಒಂದೇ ಇತ್ತು. ರೂಢಿಯಂತೆ ಅಕ್ಕ ಎಡಕ್ಕೆ ಕೂತಳು, ತಂಗಿ ಬಲಕ್ಕೆ. ಕರೆಯುವವರೆಗೆ ಒಳಗೆ ಹೋಗುವ ಹಾಗಿರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಅರ್ಧ ಎದ್ದು ಮತ್ತೆ ಕೂರುತ್ತಿದ್ದರು.

"ಒಂದೇ ಕೈಯಲ್ಲಿ ಗುಂಡಿ ಹಾಕೋದು ಕಲ್ತಿದೀನಿ," ಎಂದಳು ಅಕ್ಕ, ಎದುರಿನ ಗೋಡೆಗೆ ಹೇಳುವ ಹಾಗೆ. "ಬೀಗ ತೆಗೆಯೋದೂ. ಯಾರಿಗೂ ಹೊರೆ ಆಗಬಾರದು ಅಂತ."

"ನನಗೆ ಅವತ್ತು ಯಾಕೆ ಹೇಳಲಿಲ್ಲ?"

ಯಾವತ್ತು ಎಂದು ಅಕ್ಕ ಕೇಳಲಿಲ್ಲ. "ಅಮ್ಮ ಆಣೆ ಹಾಕಿಸ್ಕೊಂಡ್ಲು. ಬಾಣಂತಿ, ಹಾಲು ಬತ್ತುತ್ತೆ ಅಂದ್ಲು. ಮಗು ಕೂರೋ ಹಾಗಾಗಲಿ, ಆಮೇಲೆ ನಾನೇ ಹೇಳ್ತೀನಿ ಅಂದ್ಲು." ಎಡಗೈಯನ್ನು ಮಡಿಲಿಗೆ ಎಳೆದುಕೊಂಡು ಮುಂದುವರಿಸಿದಳು, "ನಿನ್ನ ಮಗೂನ ನೋಡೋಕೆ ಬರೋ ಮುಂಚೆ ಮನೇಲಿ ದಿಂಬು ಎತ್ತಿ ಎತ್ತಿ ನೋಡ್ತಿದ್ಲು. ಒಳಗೆ ಅಕ್ಕಿ ಚೀಲ ಇಟ್ಟು, ಮಗುವಿನ ಭಾರಕ್ಕೆ ಸರಿಯಾಗಿ. ಎದೆಗೆ ತರೋ ಅಷ್ಟರಲ್ಲಿ ಬೀಳ್ತಿತ್ತು. ಮತ್ತೆ ಎತ್ತಿಕೊಡು ಅಂತಿದ್ಲು. ನಾನು ಎತ್ತಿಕೊಡ್ತಿದ್ದೆ. ಕೊನೆಗೆ, ಬೇಡ, ನೆಲಕ್ಕೆ ಹಾಕಿಬಿಟ್ರೆ ಏನು ಗತಿ ಅಂದ್ಲು."

ತಂಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದಾಟಿ ಹೋಗುತ್ತಿದ್ದ ಆಯಾ ಒಬ್ಬಳು ನಿಂತು ನೋಡಿ ಮುಂದೆ ಹೋದಳು.

"ಇಷ್ಟು ವರ್ಷ ಇದನ್ನ ಹೇಳೋಕೆ ಏನಾಗಿತ್ತು ನಿಂಗೆ?"

"ನೀನು ಮಾತಾಡಿಸಿದ್ರೆ ತಾನೆ."

ಅಷ್ಟರಲ್ಲಿ ಒಳಗೆ ಕರೆದರು. ಡಾಕ್ಟರು ಚಿಕ್ಕ ಪ್ರಾಯದವರು, ಕಾಗದಗಳನ್ನು ಒಂದೊಂದಾಗಿ ತಿರುವಿ ಹಾಕಿದರು. ತಾಯಿಯ ಕಾಯಿಲೆ ಇದಲ್ಲ, ಎಂದರು ಅವರು. ಆ ಕಾಯಿಲೆಯಲ್ಲಿ ಬೆರಳು ಹೀಗೆ ಜೋಮು ಹಿಡಿಯುವುದಿಲ್ಲ. ಇದು ಮೊಣಕೈಯ ಹತ್ತಿರ ನರ ಸಿಕ್ಕಿಹಾಕಿಕೊಂಡಿರುವುದು. ಆಪರೇಷನ್ ಮಾಡಿ ಬಿಡಿಸಬೇಕು. ಬೇಗ ಬಂದಿದ್ದರೆ ಪೂರ್ತಿ ಸರಿಹೋಗುತ್ತಿತ್ತು, ಈಗ ಎಷ್ಟು ಶಕ್ತಿ ವಾಪಸು ಬರುತ್ತದೆ ಎಂದು ಹೇಳಲಾಗದು.

ತಂಗಿ ಇನ್ನೊಂದು ಸಲ ಹೇಳಿಸಿದಳು. ಅಕ್ಕ ಮಾತ್ರ ಅಳಲೂ ಇಲ್ಲ, ನಗಲೂ ಇಲ್ಲ. ಹೊರಗೆ ಬಂದ ಮೇಲೆ ಗೋಡೆಗೆ ಒರಗಿ ನಿಂತಳು.

"ಹೋದ ಚಳಿಗಾಲದಿಂದ ದಿನಾ ಬೆಳಗ್ಗೆ ಎದ್ದ ತಕ್ಷಣ ನುಂಗಿ ನೋಡ್ತಿದ್ದೆ," ಎಂದಳು. "ನುಂಗೋಕಾಗುತ್ತಾ ಅಂತ."

ತಂಗಿ ಅವಳ ತೋಳಿನ ಕೆಳಗೆ ಕೈ ಕೊಟ್ಟು ನಡೆಸಿಕೊಂಡು ಹೋದಳು.

ಪರದೆ ಹೇಳಿದ ದಿನಕ್ಕೆ ಪೂರ್ತಿಯಾಗಲಿಲ್ಲ. ಎಡಗಡೆ ಕೂರಲು ಡ್ರೈವರ್ ಮಾವ ಮುಂದೆ ಬಂದರು. ಎರಡು ಕೈ, ಎರಡು ಕಾಲು, ಕಣ್ಣು ಮುಂದೆ, ನಾನು ಜೀವಮಾನವೆಲ್ಲ ಮಾಡಿದ್ದು ಇದನ್ನೇ ಎಂದರು. ಅವರು ನೇಯ್ದ ಮೊದಲ ಮೊಳ ಹಾವು ಹರಿದ ಹಾಗಿತ್ತು, ಅದನ್ನು ಬಿಚ್ಚಲೇಬೇಕಾಯಿತು. ಸಭಾಭವನದಲ್ಲಿ ಒಂದು ಪಟ್ಟಿ ಕಡಿಮೆಯ ಪರದೆಯನ್ನೇ ತೂಗುಹಾಕಿದರು. ಸಡಿಲ ಅಂಚಿನ ಪಟ್ಟಿಯನ್ನು ಮೂಲೆಗೆ ಹಾಕಿ ಹೊಲಿದಿದ್ದರು. ನಗರಸಭೆಯವರು ಬಂದು ನೋಡಿದರು, ಬಟ್ಟೆ ಮುಟ್ಟಿದರು, ತಲೆದೂಗಿದರು. ಆದರೂ ಉಗ್ರಾಣದ ಮುಂದಿನ ಅರ್ಧವನ್ನು ಗಾಡಿಗಳಿಗೆಂದೇ ತೆಗೆದುಕೊಂಡರು. ಮಗ್ಗದ ಕೋಣೆ ಮತ್ತು ಹಿತ್ತಲು ಸಂಘಕ್ಕೆ ಉಳಿಯಿತು. ಸಿಕ್ಕಿದ್ದು ಗೆಲುವೋ ಸೋಲೋ ಎಂದು ಅಲ್ಲಿ ಈಗಲೂ ವಾದ ನಡೆಯುತ್ತದೆ.

ಆಪರೇಷನ್ ಆದ ಮೇಲೆ ಅಕ್ಕ ತಂಗಿಯ ಮನೆಗೆ ಬಂದಳು. ಬರಲ್ಲ ಎಂದು ಹಟ ಹಿಡಿದಿದ್ದಳು. ಹಟ ಹಿಡಿದವಳ ಬಟ್ಟೆಬರೆಯನ್ನು ತಂಗಿ ಹೇಳದೆ ಕೇಳದೆ ಚೀಲಕ್ಕೆ ತುಂಬಿದ್ದಳು. ಎಲ್ಲವೂ ತಿಳಿಯಾಯಿತು ಎನ್ನುವ ಹಾಗಿಲ್ಲ. ಅಮ್ಮನ ಮಾತು ಬಂದರೆ ತಂಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದಳು. ಅಕ್ಕನೂ ಕಡಿಮೆಯವಳಲ್ಲ, ಎಲ್ಲರೆದುರು ಹೇಳಿಬಿಟ್ಟೆಯಲ್ಲ ಎಂದು ಆಗಾಗ ಚುಚ್ಚುತ್ತಿದ್ದಳು. "ಇನ್ನೊಂದು ಸಲ ಮುಚ್ಚಿಡು, ಇನ್ನೊಂದು ಸಲ ಹೇಳ್ತೀನಿ," ಎನ್ನುತ್ತಿದ್ದಳು ತಂಗಿ.

ಶಾಲೆಗೆ ಹೋಗುವ ತಂಗಿಯ ಮಗಳಿಗೆ ಈ ದೊಡ್ಡಮ್ಮ ಅದುವರೆಗೆ ದೂರದಿಂದ ನೋಡಿದ ಮುಖ. ಮೊದಲೆರಡು ದಿನ ಬಾಗಿಲ ಸಂದಿಯಿಂದ ಇಣುಕಿದಳು. ಮೂರನೆಯ ದಿನ ಒಳಗೆ ಬಂದು, ಕಟ್ಟು ಹಾಕಿದ ತೋಳನ್ನು ನೋಡಿ, "ನೋವಾ?" ಎಂದು ಕೇಳಿದಳು.

"ನೋವೇ," ಎಂದಳು ಅಕ್ಕ. "ಬಾ, ಈ ಕಡೆ ಕೂತ್ಕೋ."

ಹುಡುಗಿ ಮಂಚದ ಮೇಲೆ ಹತ್ತಿ ಕೂತು ಶಾಲೆಯ ಸಮಾಚಾರವನ್ನೆಲ್ಲ ಬಿಡದೆ ಹೇಳತೊಡಗಿದಳು. ಊಟಕ್ಕೆ ಕರೆಯಲು ಬಂದ ತಂಗಿ ಬಾಗಿಲಲ್ಲಿ ನಿಂತಳು, ಕರೆಯದೆ ಹಿಂದಕ್ಕೆ ಹೋದಳು.